ಬೇಗೂರಿನ ದಾರಿಯಲ್ಲಿ ಎರಡು ಇಂಚಿನ ಪಾಠ

ನೀವು ಮೈಸೂರಿನಿಂದ ಊಟಿಗೋ ವಯನಾಡಿಗೋ ಹೋದವರಾದರೆ ಬೇಗೂರನ್ನು ಖಂಡಿತ ದಾಟಿದ್ದೀರಿ. ಆದರೆ ಅಲ್ಲಿ ಇಳಿದಿರಲಾರಿರಿ. ನಂಜನಗೂಡು ಬಿಟ್ಟು ಗುಂಡ್ಲುಪೇಟೆ ಸೇರುವ ಮೊದಲು ಸಿಗುವ ಊರು ಅದು. ಹೆಚ್ಚಿನವರಿಗೆ ಬಸ್ಸಿನ ಕಿಟಕಿಯಿಂದ ಕಾಣುವ ಒಂದಷ್ಟು ಅಂಗಡಿ, ಒಂದು ನಿಲ್ದಾಣ, ಎಳನೀರಿನ ರಾಶಿ, ಅಷ್ಟೇ. ಬೇಗೂರು ಗುಂಡ್ಲುಪೇಟೆ ತಾಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳ ಜನ ಗೊಬ್ಬರಕ್ಕೆ, ಔಷಧಿಗೆ, ಬಸ್ಸು ಹಿಡಿಯಲಿಕ್ಕೆ ಇಲ್ಲಿಗೇ ಬರುತ್ತಾರೆ.

ನನ್ನ ತಂಗಿಯನ್ನು ಕೊಟ್ಟಿರುವುದು ಈ ಊರಿಗೆ. ಹಾಗಾಗಿ ನಾನು ಆಗಾಗ ಇಲ್ಲಿ ಇಳಿಯುತ್ತೇನೆ. ಈ ಸಲ ಹೋದಾಗ ಕಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು. ಏಕೆಂದರೆ ಅದು ನಿಮ್ಮ ಮನೆಯ ಅಂಗಳದಲ್ಲೂ ನಡೆಯಬಹುದಾದ ಸಂಗತಿ.

ಹೂವಿನ ಹೊಲಗಳ ನಡುವೆ

ನಾನು ಹೋದದ್ದು ಮಳೆಗಾಲದ ಮಧ್ಯದಲ್ಲಿ. ಆ ದಿನಗಳಲ್ಲಿ ಈ ರಸ್ತೆಯ ಎರಡೂ ಬದಿಯಲ್ಲಿ ಸೂರ್ಯಕಾಂತಿ ಮತ್ತು ಚೆಂಡು ಹೂವಿನ ಹೊಲಗಳು ಹಳದಿ, ಕಿತ್ತಳೆ ಬಣ್ಣದಲ್ಲಿ ಕಣ್ಣು ತುಂಬುತ್ತವೆ. ಓಣಂ ಹತ್ತಿರವಾದಂತೆ ಕೇರಳದಿಂದ ಬರುವ ಕುಟುಂಬಗಳು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತವೆ. ನೋಡುವವರಿಗೆ ಅದು ಚೆಲುವು. ಬೆಳೆದವರಿಗೆ ಅದು ಕೂಲಿ, ಗೊಬ್ಬರ, ಮಳೆಯ ಲೆಕ್ಕ. ಚೆಂಡು ಹೂವಿನಲ್ಲಿ ಬಹುಪಾಲು ಹಾರಕ್ಕೆ ಹೋಗುವುದಲ್ಲ, ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಮೂಟೆಗಟ್ಟಲೆ ಹೋಗುತ್ತದೆ.

ರೈಲು ಈ ಊರಿಗೆ ಬಂದಿಲ್ಲ. ಮೈಸೂರಿನಿಂದ ಹೊರಟ ರೈಲು ನಂಜನಗೂಡಿನವರೆಗೆ ನಮ್ಮ ಜೊತೆಗೇ ಬಂದು, ಅಲ್ಲಿಂದ ಚಾಮರಾಜನಗರದ ಕಡೆಗೆ ಹೊರಳಿಬಿಡುತ್ತದೆ. ಉಳಿದವರಿಗೆಲ್ಲ ಹೆದ್ದಾರಿಯೇ ಗತಿ. ಹಿಂದೆ 212 ಎಂದು ಕರೆಯುತ್ತಿದ್ದ, ಈಗ 766 ಆಗಿರುವ ಈ ರಾಷ್ಟ್ರೀಯ ಹೆದ್ದಾರಿ ಕೊಳ್ಳೇಗಾಲದಿಂದ ಕೋಝಿಕ್ಕೋಡ್‌ವರೆಗೆ ಹೋಗುತ್ತದೆ. ಮುಂದೆ ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಸಂಚಾರ ನಿಷೇಧವಿದೆ. ಹಾಗಾಗಿ ಸಂಜೆಯಾಗುತ್ತಲೇ ಗೇಟು ಮುಚ್ಚುವ ಮೊದಲು ಕಾಡು ದಾಟಬೇಕೆಂಬ ಅವಸರದಲ್ಲಿ ವಾಹನಗಳು ಬೇಗೂರನ್ನು ಸೀಳಿಕೊಂಡು ಹೋಗುತ್ತವೆ.

ಈ ಅವಸರದ ರಸ್ತೆಯ ಅಂಚಿನಲ್ಲೇ ಊರಿನವರ ಮೋಟಾರು ಬೈಕುಗಳೂ ಓಡಬೇಕು. ಬಾಳೆಗೊನೆ, ಹಾಲಿನ ಕ್ಯಾನು, ಹೂವಿನ ಮೂಟೆ, ಹೆಂಡತಿ, ಮಗು, ವಯಸ್ಸಾದ ತಾಯಿ ಎಲ್ಲರನ್ನೂ ಎಲ್ಲವನ್ನೂ ಹೊರುವುದು ಆ ಬೈಕಿನ ಹಿಂಭಾಗ. ನೀವೇ ಯೋಚಿಸಿ, ಬೈಕು ಓಡಿಸುವವರು ಮುಂದೆ ಕುಳಿತಿರುತ್ತಾರೆ. ಅದರ ಹಿಂದಿನ ಸ್ಪ್ರಿಂಗಿನ ಮೇಲೆ ಕುಳಿತಿರುವವರು ನಾವು.

ದಾದಿ ಏಕೆ ಬರುವುದಿಲ್ಲ?

ತಂಗಿಯ ಅತ್ತೆಯನ್ನು ಮನೆಯವರೆಲ್ಲ ದಾದಿ ಎಂದೇ ಕರೆಯುತ್ತಾರೆ. ಎಪ್ಪತ್ತು ದಾಟಿದವರು. ಎರಡೂ ಮೊಣಕಾಲಲ್ಲಿ ನೋವು. ವಾರಕ್ಕೊಮ್ಮೆ ಗುಂಡ್ಲುಪೇಟೆಗೆ ಹೋಗಿ ಮೊಣಕಾಲಿಗೆ ಚಿಕಿತ್ಸೆ ಪಡೆದು ಬರುತ್ತಿದ್ದರು. ಬಸ್ಸಿನ ಮೆಟ್ಟಿಲು ಅವರಿಂದ ಹತ್ತಲಾಗದು. ಆದ್ದರಿಂದ ಮೊಮ್ಮಗ ಬೈಕನ್ನು ಮನೆಯ ಜಗಲಿಗೆ ಒತ್ತಿಸಿ ನಿಲ್ಲಿಸುತ್ತಿದ್ದ. ದಾದಿ ಜಗಲಿಯ ಮೇಲಿಂದಲೇ ಮೆಲ್ಲನೆ ಸೀಟಿಗೆ ಜಾರಿ ಕುಳಿತುಕೊಳ್ಳುತ್ತಿದ್ದರು. ಜಗಲಿಯೂ ಸೀಟೂ ಹೆಚ್ಚುಕಡಿಮೆ ಒಂದೇ ಎತ್ತರ. ವರ್ಷಗಳಿಂದ ನಡೆದುಬಂದ ವ್ಯವಸ್ಥೆ.

ಈ ಸಲ ನೋಡಿದರೆ ದಾದಿ ಕೋಲು ಹಿಡಿದು ಗೋಡೆ ಆಧರಿಸಿ ನಡೆಯುತ್ತಿದ್ದಾರೆ.

“ಆಸ್ಪತ್ರೆಗೆ ಹೋಗುತ್ತಿಲ್ಲವೇ?” ಎಂದು ಕೇಳಿದೆ.

“ಈಗ ಪರವಾಗಿಲ್ಲ ಬೇಟಿ, ನೋವು ಕಡಿಮೆ” ಎಂದರು.

ನೋವು ಕಡಿಮೆಯಾಗಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ತಂಗಿ ಒಳಗೆ ಕರೆದು, “ಎರಡು ತಿಂಗಳಾಯಿತು ಅಕ್ಕಾ, ಬೈಕು ಹತ್ತಲಿಕ್ಕೇ ಒಪ್ಪುತ್ತಿಲ್ಲ. ಹೆದರಿಕೆ ಅಂತಾರೆ. ಹುಡುಗ ನಗುತ್ತಾನೆ” ಎಂದಳು.

ಅಂಗಳದಲ್ಲಿ ನಿಂತಿದ್ದ ಬೈಕನ್ನು ಆಗ ನಾನು ಸರಿಯಾಗಿ ನೋಡಿದೆ. ಅದರ ಹಿಂಭಾಗ ಓಡಲು ಸಿದ್ಧವಾದ ಕುದುರೆಯಂತೆ ಮೇಲಕ್ಕೆ ಎದ್ದಿತ್ತು. ಸೀಟು ಜಗಲಿಗಿಂತ ಸಾಕಷ್ಟು ಮೇಲೆ. ದಾದಿ ಈಗ ಜಾರಿ ಕೂರುವಂತಿಲ್ಲ, ಹತ್ತಿ ಕೂರಬೇಕು.

“ಹಿಂದೆ ಎತ್ತರಿಸಿದ್ದೀನಿ ಖಾಲಾ. ಬಾಳೆಗೊನೆ ಹೇರಿದರೆ ಹಂಪಿನಲ್ಲಿ ಟೈರು ಮಡ್‌ಗಾರ್ಡಿಗೆ ಬಡೀತಿತ್ತು” ಎಂದ ಹುಡುಗ. ಅವನ ಮಾತಿನಲ್ಲಿ ಶೋಕಿಯಷ್ಟೇ ಇರಲಿಲ್ಲ, ಕಾರಣವೂ ಇತ್ತು. ತಂದೆಯ ಬಾಳೆ ವ್ಯಾಪಾರಕ್ಕೆ ಹೆಗಲು ಕೊಟ್ಟವನು ಅವನು. ಪೇಟೆಯ ಒಂದು ಅಂಗಡಿಯಿಂದ ಎರಡು ಇಂಚಿನ ಒಂದು ಜೋಡಿ ಕಬ್ಬಿಣದ ತುಂಡು ತಂದು, ಶಾಕ್ ಅಬ್ಸಾರ್ಬರಿನ ಕೆಳಗೆ ತಾನೇ ಜೋಡಿಸಿದ್ದ.

ಆ ಸಂಜೆ ಸಣ್ಣ ಮಳೆ ಬಂತು. ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದ ಬೈಕು ಹಸಿ ಮಣ್ಣಿನಲ್ಲಿ ಎಡಕ್ಕೆ ವಾಲಿ, ಧಡ್ ಎಂದು ಜಗಲಿಯ ಮೇಲೆ ಬಿತ್ತು. ತಂಗಿಯ ಚಿಕ್ಕ ಮಗಳು ಅದೇ ಜಾಗದಲ್ಲಿ ಕುಳಿತು ಪಾಠ ಬರೆಯುತ್ತಿದ್ದವಳು ಆಗಷ್ಟೇ ನೀರು ಕುಡಿಯಲು ಒಳಗೆ ಬಂದಿದ್ದಳು. ಅವಳ ನೋಟುಪುಸ್ತಕ ಹ್ಯಾಂಡಲ್ಲಿನ ಅಡಿಯಲ್ಲಿತ್ತು. ಅಲ್ಲಾಹನು ಕಾಪಾಡಿದ. ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಚಿಮ್ಟಾ ಹೇಳಿದ ಕಥೆ

ಮರುದಿನ ಬೆಳಗ್ಗೆ ಹೆದ್ದಾರಿ ಪಕ್ಕದ ಹಳೆಯ ಗ್ಯಾರೇಜಿಗೆ ಹುಡುಗನ ಜೊತೆ ನಾನೂ ತಂಗಿಯೂ ನಡೆದೇ ಹೋದೆವು. ಮೇಸ್ತ್ರಿ ಬೈಕನ್ನು ಒಂದು ಸುತ್ತು ನೋಡಿ, ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕುಳಿತರು.

“ಇದ್ಯಾಕಪ್ಪ ಹಿಂಗ್ ಮಾಡ್ದೆ? ಸೋತಿದ್ದು ಒಳಗಿನ ಎಣ್ಣೆ. ನೀನು ಎತ್ತಿದ್ದು ಮೂಳೆ” ಎಂದರು.

ನಮ್ಮ ಜನ ‘ಶಾಕಪ್ಸರ್’ ಎಂದು ಕರೆಯುವ ಶಾಕ್ ಅಬ್ಸಾರ್ಬರಿನಲ್ಲಿ ಎರಡು ಕೆಲಸಗಾರರಿದ್ದಾರೆ. ಹೊರಗೆ ಕಾಣುವ ಸ್ಪ್ರಿಂಗ್ ಭಾರ ಹೊರುತ್ತದೆ. ಒಳಗಿನ ಕೊಳವೆಯಲ್ಲಿರುವ ಎಣ್ಣೆ, ಸ್ಪ್ರಿಂಗ್ ಚೆಂಡಿನಂತೆ ಪುಟಿಯುತ್ತಲೇ ಇರದಂತೆ ತಡೆಯುತ್ತದೆ. ಹುಡುಗನ ಬೈಕಿನಲ್ಲಿ ಸೀಲು ಹರಿದು ಎಣ್ಣೆ ಸೋರಿಹೋಗಿತ್ತು. ವರ್ಷಗಳ ಭಾರಕ್ಕೆ ಸ್ಪ್ರಿಂಗೂ ಕುಗ್ಗಿತ್ತು. ಟೈರು ಬಡಿಯುತ್ತಿದ್ದುದು ಅದಕ್ಕೆ, ಎತ್ತರ ಸಾಲದ್ದಕ್ಕಲ್ಲ.

ಹಿಂದಿನ ಚಕ್ರವನ್ನು ಹಿಡಿದುಕೊಂಡಿರುವ ಕವಲು ಕಬ್ಬಿಣಕ್ಕೆ ಸ್ವಿಂಗ್ ಆರ್ಮ್ ಎಂದು ಹೆಸರು. ಗ್ಯಾರೇಜಿನವರು ಅದನ್ನು ‘ಚಿಮ್ಟಾ’ ಎನ್ನುತ್ತಾರೆ. ನೀವು ಒಲೆಯ ಮೇಲೆ ರೊಟ್ಟಿ ತಿರುವುವ ಚಿಮ್ಟಾವನ್ನೇ ನೆನಪಿಸಿಕೊಳ್ಳಿ. ಒಂದು ತುದಿ ಚಾಸಿಸ್ಸಿಗೆ ಬಿಗಿದಿದೆ, ಎರಡು ಕಾಲುಗಳ ನಡುವೆ ಚಕ್ರ ಇದೆ. ಶಾಕ್ ಅಬ್ಸಾರ್ಬರು ಈ ಚಿಮ್ಟಾದ ಮೇಲೆ, ಚಕ್ರದ ಅಚ್ಚಿಗಿಂತ ಸ್ವಲ್ಪ ಮುಂದೆ ಕುಳಿತಿದ್ದರೆ, ಎರಡು ಇಂಚಿನ ತುಂಡು ಸೇರಿಸಿದಾಗ ಬೈಕಿನ ಹಿಂಭಾಗ ಎರಡೇ ಇಂಚು ಏಳುವುದಿಲ್ಲ, ಅದಕ್ಕಿಂತ ಹೆಚ್ಚು ಏಳುತ್ತದೆ. ಹುಡುಗನಿಗೆ ಇದು ಗೊತ್ತಿರಲಿಲ್ಲ.

ಹಿಂಭಾಗ ಎದ್ದಾಗ ಏನೇನಾಗುತ್ತದೆ ಎಂಬುದನ್ನು ಮೇಸ್ತ್ರಿ ಒಂದೊಂದಾಗಿ ಮುಟ್ಟಿ ತೋರಿಸಿದರು. ಮುಂದಿನ ಫೋರ್ಕು ನೆಟ್ಟಗಾಗುತ್ತದೆ. ಆಗ ಹ್ಯಾಂಡಲ್ ಹಗುರವೆನಿಸುತ್ತದೆ. ಊರೊಳಗೆ ಅದು ಖುಷಿ, ಹೆದ್ದಾರಿಯ ವೇಗದಲ್ಲಿ ಅದೇ ನಡುಕ. ಸೈಡ್ ಸ್ಟ್ಯಾಂಡಿನ ಉದ್ದ ಮಾತ್ರ ಮೊದಲಿನಷ್ಟೇ ಇರುವುದರಿಂದ ಬೈಕು ಅತಿಯಾಗಿ ಎಡಕ್ಕೆ ವಾಲುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ಚಿಮ್ಟಾದ ಇಳಿಜಾರು ಹೆಚ್ಚಿ ಚೈನಿನ ಸಡಿಲ ಬದಲಾಗುತ್ತದೆ, ಚೈನು ಚಿಮ್ಟಾಕ್ಕೇ ಉಜ್ಜಬಹುದು. ಬ್ರೇಕಿನ ರಾಡು ಅಥವಾ ಕೊಳವೆ ಎಳೆದಂತಾಗುತ್ತದೆ. ಹೆಡ್‌ಲೈಟ್ ಕೆಳಮುಖವಾಗಿ ದೂರದ ದಾರಿ ಕಾಣುವುದಿಲ್ಲ. ದನ, ಹಂದಿ ಅಡ್ಡ ಬರುವ ಈ ರಸ್ತೆಯಲ್ಲಿ ಅದು ಸಣ್ಣ ಮಾತಲ್ಲ.

ಕೊನೆಗೆ ಆ ತುಂಡುಗಳನ್ನು ಬಿಚ್ಚಿ ಕೈಗಿಟ್ಟರು. ಒಂದರ ಬೋಲ್ಟು ಕಣ್ಣಿಗೆ ಕಾಣುವಷ್ಟು ಬಾಗಿತ್ತು. “ಒಂದು ಕಡೆ ಇದು ಮುರಿದಿದ್ರೆ ಭಾರವೆಲ್ಲ ಇನ್ನೊಂದು ಕಡೆಗೆ ಬಿದ್ದು ಚಿಮ್ಟಾ ತಿರುಚ್ಕೊಳ್ತಿತ್ತು” ಎಂದರು. ಹುಡುಗ ಅದನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಾ ಸುಮ್ಮನೆ ನಿಂತ.

ತಗ್ಗಿಸುವುದೂ ಅಷ್ಟೇ

ಕೆಲವರು ಕಾಲು ನೆಲಕ್ಕೆ ಎಟುಕಲೆಂದು ಹಿಂಭಾಗವನ್ನು ತಗ್ಗಿಸುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಬೈಕು ಓಡಿಸುವವರಿಗೂ ಈ ಆಸೆ ಬರುವುದು ಸಹಜ. ಅದರ ತೊಂದರೆಗಳು ಬೇರೆ. ಸ್ಟ್ಯಾಂಡು ಈಗ ಉದ್ದವಾಯಿತು. ಬೈಕು ನೆಟ್ಟಗೆ ನಿಂತು, ಸ್ವಲ್ಪ ತಾಗಿದರೂ ಬಲಕ್ಕೆ ಬೀಳುತ್ತದೆ. ಭಾರ ಬಿದ್ದಾಗ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಹೆಡ್‌ಲೈಟ್ ಮೇಲೆದ್ದು ಎದುರಿನವರ ಕಣ್ಣು ಕುಕ್ಕುತ್ತದೆ. ಹಂಪು ಹೊಟ್ಟೆಗೆ ತಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪು 3.7 ಮೀಟರ್ ಉದ್ದಕ್ಕೆ ಮೆಲ್ಲನೆ ಏರಿ ಇಳಿದು, 10 ಸೆಂ.ಮೀ. ಎತ್ತರ ಇರಬೇಕು. ನಿಮ್ಮೂರಿನ ಹಂಪುಗಳು ಹಾಗಿವೆಯೇ? ನೀವೇ ನೋಡಿದ್ದೀರಿ.

ಒಂದೇ ಶಾಕ್ ಅಬ್ಸಾರ್ಬರ್ ಇರುವ ಹೊಸ ಬೈಕುಗಳಲ್ಲಿ ಕೆಲವಕ್ಕೆ ಚಿಮ್ಟಾದ ಕೆಳಗೆ ಜೋಡುಪಟ್ಟಿಗಳಿರುತ್ತವೆ. ಹೆಚ್ಚಿನವುಗಳಲ್ಲಿ ಗಿಡ್ಡ ಪಟ್ಟಿ ಹಾಕಿದರೆ ಹಿಂಭಾಗ ಏಳುತ್ತದೆ, ಉದ್ದದ್ದು ಹಾಕಿದರೆ ಇಳಿಯುತ್ತದೆ. ಅವನ್ನು ಅಂಗಳದಲ್ಲಿ ಬಿಚ್ಚುವ ಸಾಹಸ ಬೇಡ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರನ್ನಂತೂ ತೆರೆಯುವುದು, ಬೆಸುಗೆ ಹಾಕುವುದು, ಕಾಯಿಸುವುದು ಯಾವತ್ತೂ ಸಲ್ಲದು.

ಹಾಗಾದರೆ ಸರಿಯಾದ ದಾರಿ ಯಾವುದು?

ನಿಮ್ಮ ಮನೆಯ ಬೈಕು ಹಿಂದೆ ಕುಸಿದಂತೆ ಅನಿಸಿದರೆ ಹೊಸ ಭಾಗ ಕೊಳ್ಳುವ ಮೊದಲು ಈ ಕ್ರಮದಲ್ಲಿ ನೋಡಿ.

1. ಗಾಳಿ: ಟೈರಿನ ಗಾಳಿಯನ್ನು ತಣ್ಣಗಿರುವಾಗ ಪರೀಕ್ಷಿಸಿ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂಬುದು ಬೈಕಿನ ಕೈಪಿಡಿಯಲ್ಲಿರುತ್ತದೆ. ಅನೇಕ ಬೈಕುಗಳ ಚೈನ್ ಕವರಿನ ಮೇಲೂ ಅಂಟಿಸಿರುತ್ತಾರೆ.

2. ಸೋರಿಕೆ: ಶಾಕ್ ಅಬ್ಸಾರ್ಬರಿನ ಕಡ್ಡಿಯ ಮೇಲೆ ಎಣ್ಣೆಯ ಜಿಡ್ಡಿದೆಯೇ? ಸೀಟನ್ನು ಒತ್ತಿ ಬಿಟ್ಟರೆ ಒಮ್ಮೆ ಎದ್ದು ನಿಲ್ಲುತ್ತದೆಯೇ ಅಥವಾ ಪುಟಿಯುತ್ತಲೇ ಇರುತ್ತದೆಯೇ? ಪುಟಿಯುತ್ತಿದ್ದರೆ ಅದರ ಆಯುಸ್ಸು ಮುಗಿದಿದೆ.

3. ಮೆಟ್ಟಿಲು: ಎರಡು ಶಾಕ್ ಅಬ್ಸಾರ್ಬರ್ ಇರುವ ಸಾಮಾನ್ಯ ಬೈಕುಗಳಲ್ಲಿ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಕೊರೆದ ಒಂದು ಬಳೆ ಇರುತ್ತದೆ. ಹೆಚ್ಚಿನವಕ್ಕೆ ಐದು ಮೆಟ್ಟಿಲು. ಕೊಕ್ಕೆಯಂಥ ಸ್ಪ್ಯಾನರಿನಿಂದ ಅದನ್ನು ತಿರುಗಿಸಿದರೆ ಇಬ್ಬರು ಕುಳಿತಾಗ ಬೈಕು ಮೊದಲಿಗಿಂತ ಕಡಿಮೆ ತಗ್ಗುತ್ತದೆ. ಎಡಬಲ ಎರಡೂ ಒಂದೇ ಮೆಟ್ಟಿಲಲ್ಲಿರಬೇಕು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಬೈಕಿನ ಉದ್ದ ಅಗಲವೂ ಬದಲಾಗುವುದಿಲ್ಲ.

4. ಟೇಪು: ಹೊಲಿಗೆಯ ಟೇಪು ಸಾಕು. ಡಬಲ್ ಸ್ಟ್ಯಾಂಡಿನಲ್ಲಿ ಚಕ್ರ ನೆಲ ಬಿಟ್ಟಿರುವಾಗ ಅಚ್ಚಿನ ನಟ್ಟಿನಿಂದ ನೇರ ಮೇಲೆ ಸೀಟಿನಡಿಯ ಒಂದು ಗುರುತಿಗೆ ಅಳೆಯಿರಿ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಇಬ್ಬರೂ ಕುಳಿತು, ಇನ್ನೊಬ್ಬರು ಹಿಡಿದುಕೊಂಡಾಗ ಮತ್ತೆ ಅಳೆಯಿರಿ. ವ್ಯತ್ಯಾಸವು ಚಕ್ರದ ಒಟ್ಟು ಓಡಾಟದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿದ್ದರೆ ಹಿತ. ಅರ್ಧ ದಾಟಿದರೆ ಸ್ಪ್ರಿಂಗ್ ಸೋತಿದೆ ಅಥವಾ ಭಾರ ಮಿತಿ ಮೀರಿದೆ ಎಂದು ತಿಳಿಯಿರಿ.

5. ಬದಲಿ: ಹೊಸ ಶಾಕ್ ಅಬ್ಸಾರ್ಬರ್ ಬೇಕೇ ಬೇಕೆಂದಾದರೆ ಜೋಡಿಯಾಗಿಯೇ ಹಾಕಿಸಿ. ಬೇರೆ ಕಂಪೆನಿಯದ್ದಾದರೂ ನಿಮ್ಮ ಮಾದರಿಗೆಂದೇ ಮಾಡಿದ್ದಾಗಿರಬೇಕು. ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿನವರೆಗಿನ ಉದ್ದ ಹಳೆಯದರಷ್ಟೇ ಇರಬೇಕು. ಒಂದನ್ನು ಬಿಚ್ಚಿ, ಹೊಸದನ್ನು ಹಾಕಿ, ಆಮೇಲೆ ಇನ್ನೊಂದನ್ನು ಬಿಚ್ಚಬೇಕು. ಆಗ ಚಿಮ್ಟಾ ಜೋತುಬೀಳುವುದಿಲ್ಲ. ನಂತರ ಚೈನಿನ ಸಡಿಲ, ಬ್ರೇಕು, ಹೆಡ್‌ಲೈಟ್, ಎರಡೂ ಸ್ಟ್ಯಾಂಡು ನೋಡಿ, ಹತ್ತಿರದಲ್ಲಿ ನಿಧಾನವಾಗಿ ಓಡಿಸಿ ಬಂದು ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು.

ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರು ಸಿಕ್ಕಿಸುವುದು, ಕೊಳವೆಯ ತುಂಡು ಬೆಸೆಯುವುದು, ಒಂದು ಕಡೆ ಮಾತ್ರ ಬದಲಿಸುವುದು ಇವೆಲ್ಲ ಅಗ್ಗವೆಂದು ಕಾಣುತ್ತವೆ. ಅವುಗಳ ಬೆಲೆ ಆಸ್ಪತ್ರೆಯಲ್ಲಿ ತಿಳಿಯುತ್ತದೆ.

ಕಾನೂನು ಏನನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಸವೆದ ಭಾಗದ ಜಾಗಕ್ಕೆ ಅದೇ ಅಳತೆಯ ಭಾಗ ಹಾಕಿಸುವುದು ದುರಸ್ತಿ. ಬೈಕಿನ ಎತ್ತರವನ್ನೇ ಬದಲಿಸುವುದು ಮಾರ್ಪಾಡು. ಎರಡಕ್ಕೂ ಇರುವ ಅಂತರ ನೆನಪಿರಲಿ.

ನಮ್ಮಂಥವರಿಗೆಂದೇ ಇರುವ ಒಂದು ನಿಯಮವೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು. ಹಿಂದೆ ಕೂರುವವರಿಗೆ ಹಿಡಿಕೆ, ಪಾದ ಇಡುವ ಜಾಗ, ಮತ್ತು ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕೆಂದು ಅದು ಹೇಳುತ್ತದೆ. ನಾವು ಸ್ಯಾರಿ ಗಾರ್ಡ್ ಎನ್ನುವುದು ಇದನ್ನೇ. ಸೀರೆ, ದುಪಟ್ಟಾ, ಬುರ್ಖಾ ತೊಡುವ ನಮಗೆ ಅದು ಅಲಂಕಾರವಲ್ಲ. ಹುಡುಗ ಅದನ್ನು “ಸದ್ದು ಮಾಡುತ್ತೆ” ಎಂದು ಬಿಚ್ಚಿ ಅಟ್ಟಕ್ಕೆ ಎಸೆದಿದ್ದ. ನಿಮ್ಮ ಮನೆಯ ಬೈಕಿನಲ್ಲಿ ಅದು ಇದೆಯೇ? ಇವತ್ತೇ ಹೊರಗೆ ಹೋಗಿ ನೋಡಿ.

ಮತ್ತೆ ಜಗಲಿಗೆ

ಎರಡು ದಿನದಲ್ಲಿ ಅದೇ ಅಳತೆಯ ಹೊಸ ಶಾಕ್ ಅಬ್ಸಾರ್ಬರ್ ಜೋಡಿ ಬಂತು. ಮೇಸ್ತ್ರಿ ಬಳೆಯನ್ನು ಮೂರನೇ ಮೆಟ್ಟಿಲಿಗೆ ತಿರುಗಿಸಿದರು. “ಬಾಳೆಗೊನೆ ಹೇರೋ ದಿನ ಒಂದು ಮೆಟ್ಲು ಮೇಲಕ್ಕೆ, ಅಜ್ಜಿ ಕೂರೋ ದಿನ ಇಷ್ಟೇ ಇರ್ಲಿ. ಗೊನೆಗೂ ಒಂದು ಲೆಕ್ಕ ಇರ್ಲಿ, ನಾಲ್ಕು ಹೇರ್ಬೇಡ” ಎಂದರು. ಹುಡುಗ ಅಟ್ಟದಿಂದ ಸ್ಯಾರಿ ಗಾರ್ಡ್ ಇಳಿಸಿ, ಒರೆಸಿ ತಂದು ಕೊಟ್ಟ.

ಮರುದಿನ ಬೆಳಗ್ಗೆ ಬೈಕನ್ನು ಜಗಲಿಗೆ ಒತ್ತಿಸಿ ನಿಲ್ಲಿಸಿದಾಗ ದಾದಿ ಕೂಡಲೇ ಬರಲಿಲ್ಲ. ಬಾಗಿಲಲ್ಲೇ ನಿಂತು ನೋಡಿದರು. ಮೆಲ್ಲನೆ ಬಂದು ಅಂಗೈಯನ್ನು ಸೀಟಿನ ಮೇಲಿಟ್ಟು ಒತ್ತಿ ನೋಡಿದರು. ಹಾಗೇ ಜಾರಿ ಕುಳಿತರು.

“ದಾದಿ, ಎತ್ತರ ಆಗಿದೆ ಅಂತ ಅವತ್ತೇ ಹೇಳಬಾರದಿತ್ತಾ?” ಎಂದು ಮೊಮ್ಮಗ ಕೇಳಿದ.

“ಹೇಳಿದೆ ಬೇಟಾ. ಹೆದರಿಕೆ ಆಗುತ್ತೆ ಅಂದೆ. ನೀನು ನಕ್ಕೆ” ಎಂದರು ದಾದಿ. ಅವರ ದನಿಯಲ್ಲಿ ದೂರಿರಲಿಲ್ಲ. ಆದರೆ ಹುಡುಗ ತಲೆ ತಗ್ಗಿಸಿದ. ನಾವೂ ತಗ್ಗಿಸಿದೆವು. ಎರಡು ತಿಂಗಳು ಆ ನಗುವಿನಲ್ಲಿ ಮನೆಯವರೆಲ್ಲ ಪಾಲುಗೊಂಡಿದ್ದೆವಲ್ಲ!

ಪ್ರಿಯ ಸಹೋದರಿಯರೇ, ಬೈಕಿನ ವಿಷಯ ಗಂಡಸರಿಗೆ ಬಿಟ್ಟದ್ದೆಂದು ನಾವು ಸುಮ್ಮನಿರುತ್ತೇವೆ. ಆದರೆ ಹಂಪಿನ ಹೊಡೆತ ಮೊದಲು ತಿಳಿಯುವುದು ಹಿಂದೆ ಕುಳಿತವರ ಬೆನ್ನಿಗೆ. ಸೀಟು ಎತ್ತರವಾದರೆ ಮೊದಲು ತಿಳಿಯುವುದು ಹತ್ತಲಾಗದವರ ಮೊಣಕಾಲಿಗೆ. ಆದ್ದರಿಂದ ನಿಮಗೆ ಅನಿಸಿದ್ದನ್ನು ಹೇಳಿ. ಮನೆಯ ಹಿರಿಯರು “ಹೆದರಿಕೆ” ಎಂದರೆ ನಗಬೇಡಿ. ಏನು ಹೆದರಿಕೆ ಎಂದು ಕೇಳಿ. ಉತ್ತರ ಬೈಕಿನಲ್ಲೇ ಇರಬಹುದು.

ಮುಂದಿನ ಸಲ ಊಟಿಯ ದಾರಿಯಲ್ಲಿ ಬೇಗೂರು ಬಂದಾಗ ಒಂದು ಕ್ಷಣ ಹೊರಗೆ ನೋಡಿ. ಹೂವಿನ ಹೊಲಗಳ ನಡುವೆ, ರಸ್ತೆಯ ಅಂಚು ಹಿಡಿದು ನಿಧಾನವಾಗಿ ಗುಂಡ್ಲುಪೇಟೆಯ ಕಡೆಗೆ ಹೋಗುವ ಒಂದು ಬೈಕು ಕಾಣಬಹುದು. ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು, ಹಿಂದೆ ಒಬ್ಬ ಅಜ್ಜಿ ಕುಳಿತಿರುತ್ತಾರೆ. ನಿಮ್ಮ ಡ್ರೈವರಿಗೆ ಹೇಳಿ, ಹಾರ್ನ್ ಹೊಡೆಯದೆ ಸ್ವಲ್ಪ ದೂರ ಬಿಟ್ಟು ಮುಂದೆ ಹೋಗಲಿ.